ಆಡು ಮುಟ್ಟದ ಸೊಪ್ಪು

ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯನ್ನು ಕೂಡಿಕೊಂಡ ಕಾವೇರಿಯು ಸ್ವಲ್ಪ ದೂರ ಸಾಗಿದ ಮೇಲೆ, ಅಷ್ಟಗಲವಾಗಿ ಹರಡಿದ್ದ ತನ್ನ ಮೈಯನ್ನು ಇದ್ದಕ್ಕಿದ್ದಂತೆ ಕಿರಿದುಮಾಡಿಕೊಂಡು, ಹೆಬ್ಬಂಡೆಗಳ ನಡುವಣ ಇಕ್ಕಟ್ಟಿನಲ್ಲಿ ಭೋರ್ಗರೆಯುತ್ತ ನುಗ್ಗುತ್ತದೆ. ಆ ಸ್ಥಳಕ್ಕೆ ಮೇಕೆದಾಟು ಎಂದು ಹೆಸರು. ಹಿಂದೊಮ್ಮೆ ಹುಲಿಯೊಂದು ಬೆನ್ನಟ್ಟಿ ಬರಲು, ಮೇಕೆಯೊಂದು ಈ ದಡದ ಬಂಡೆಯಿಂದ ಆ ದಡದ ಬಂಡೆಗೆ ಹಾರಿ ಪ್ರಾಣ ಉಳಿಸಿಕೊಂಡಿತೆಂದೂ, ಹುಲಿಯು ಇತ್ತಲೇ ನಿಂತು ಪೆಚ್ಚಾಯಿತೆಂದೂ ಅಲ್ಲಿಯವರು ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಅದು ಬೇರೆ ಮಾತು. ಆದರೆ ಈ ಹೆಸರನ್ನು ಇಟ್ಟವರು ಹಸುವನ್ನಾಗಲಿ, ಕುರಿಯನ್ನಾಗಲಿ, ಕುದುರೆಯನ್ನಾಗಲಿ ಆರಿಸಿಕೊಳ್ಳಲಿಲ್ಲ, ಆಡನ್ನೇ ಆರಿಸಿಕೊಂಡರು. ಬಂಡೆ ಆಡಿಗೆ ತವರುಮನೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಮಕ್ಕಳೇ, ಈ ವಾರ ಆಡಿನ ಸರದಿ. ನೋಡದವರು ಯಾರಿದ್ದೀರಿ? 2019ರ ಜಾನುವಾರು ಗಣತಿಯಂತೆ ನಮ್ಮ ದೇಶದಲ್ಲಿ ಆಡುಗಳ ಸಂಖ್ಯೆ ಸುಮಾರು 14 ಕೋಟಿ 88 ಲಕ್ಷ. ಕುರಿಗಳದಕ್ಕೆ ಸರಿಸುಮಾರು ಇಮ್ಮಡಿ. ಇಷ್ಟು ಪರಿಚಯದ ಪ್ರಾಣಿಯಾದರೂ ಅದರ ಮೇಲಿರುವ ದೂರುಗಳು ಒಂದೆರಡಲ್ಲ. ಬೇಲಿ ಹಾರುತ್ತದೆ, ಗೋಡೆ ಹತ್ತುತ್ತದೆ, ಒಣಹಾಕಿದ ಬಟ್ಟೆಯ ಚುಂಗನ್ನು ಜಗಿಯುತ್ತದೆ, ಅಂಗಡಿಯ ಮುಂದಿನ ಕಾಗದವನ್ನು ಕಿತ್ತೆಳೆಯುತ್ತದೆ, ಹಾಯಲು ಬರುತ್ತದೆ, ಒಂಟಿಯಾಗಿ ಕಟ್ಟಿಹಾಕಿದರೆ ಊರೇ ಒಂದಾಗುವಂತೆ ಅರಚುತ್ತದೆ. ಇವೆಲ್ಲವೂ ಅದರ ತುಂಟತನ ಎಂದು ಜನ ತೀರ್ಮಾನ ಕೊಟ್ಟುಬಿಡುತ್ತಾರೆ. ಆದರೆ ಆಪಾದನೆ ಹೊತ್ತವರ ಮಾತನ್ನೂ ಒಮ್ಮೆ ಕೇಳಬೇಕಾದದ್ದು ನ್ಯಾಯ. ಆಡು ಬಾಯಿಬಿಟ್ಟು ಹೇಳಲಾರದು. ಅದರ ಕಾಲು, ತುಟಿ, ಕಣ್ಣು, ನಡವಳಿಕೆಗಳೇ ಅದರ ಪರವಾಗಿ ಸಾಕ್ಷಿ ಹೇಳಬೇಕು.

ಸಾಕ್ಷ್ಯದ ಮೊದಲ ಭಾಗಕ್ಕಾಗಿ ಬಹು ದೂರದ ಒಂದು ಬೆಟ್ಟಸಾಲಿಗೆ ಹೋಗಬೇಕು. ನಮ್ಮ ಮನೆಯ ಆಡಿನ ಮೂಲಪುರುಷರು ಪಶ್ಚಿಮ ಏಷ್ಯದ ಕಾಡುಮೇಕೆಗಳು. ಇರಾನ್ ದೇಶದ ಜಾಗ್ರೋಸ್ ಪರ್ವತಗಳಲ್ಲಿರುವ ಗಂಜ್ ದಾರೆ ಎಂಬ ಪ್ರಾಚೀನ ನೆಲೆಯಲ್ಲಿ ದೊರೆತ ಎಲುಬುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಸುಮಾರು 10,000 ವರ್ಷಗಳ ಹಿಂದೆಯೇ ಅಲ್ಲಿಯ ಜನ ಆಡುಗಳನ್ನು ಸಾಕುತ್ತಿದ್ದರೆಂದು ಕಂಡುಕೊಂಡಿದ್ದಾರೆ. ಆ ಕಾಡುಮೇಕೆಯ ಬೀಡು ಎಂಥದು? ಎತ್ತ ನೋಡಿದರೂ ಬಂಡೆ, ಕಡಿದಾದ ಇಳಿಜಾರು. ಅಲ್ಲೊಂದು ಕುರುಚಲು ಗಿಡ, ಇಲ್ಲೊಂದು ಮುಳ್ಳುಪೊದೆ. ಕೆಳಗೆ ತೋಳ, ಚಿರತೆಗಳ ಹೊಂಚು. ಅಂಥ ಕಡೆ ಬಾಳಬೇಕಾದರೆ ಮೂರು ಗುಣಗಳು ಬೇಕು: ಏರುವ ಕಾಲು, ಆರಿಸುವ ಬಾಯಿ, ಜೊತೆಯನ್ನು ಬಿಡದ ಬುದ್ಧಿ. ಹತ್ತು ಸಾವಿರ ವರ್ಷ ಮನುಷ್ಯನ ಅಂಗಳದಲ್ಲಿ ಕಳೆದರೂ ಆಡು ಈ ಮೂರನ್ನೂ ಮರೆತಿಲ್ಲ. ಅದು ಬೆಟ್ಟವನ್ನು ಬಿಟ್ಟು ಬಂದಿದೆ. ಬೆಟ್ಟ ಮಾತ್ರ ಅದನ್ನು ಬಿಟ್ಟಿಲ್ಲ.

ಮೊದಲು ಕಾಲಿನ ವಿಚಾರ. ಆಡಿನ ಗೊರಸು ಎರಡಾಗಿ ಸೀಳಿದೆ. ಎರಡು ಬೆರಳುಗಳೂ ಬೇಕೆಂದಾಗ ಅಗಲಿಕೊಂಡು ಬಂಡೆಯ ಏರುತಗ್ಗನ್ನು ಕಚ್ಚಿಹಿಡಿಯುತ್ತವೆ. ಗೊರಸಿನ ಅಂಚು ಗಟ್ಟಿ, ಒಳಗಿನ ಅಂಗಾಲು ಮೆತ್ತಗೆ. ಗಟ್ಟಿ ಅಂಚು ಕಲ್ಲಿನ ಸಣ್ಣ ಅಂಕಣಕ್ಕೂ ಆತುಕೊಳ್ಳುತ್ತದೆ. ಮೆತ್ತನೆಯ ಅಂಗಾಲು ಜಾರದಂತೆ ಒತ್ತಿ ಹಿಡಿಯುತ್ತದೆ. ಅಂಗೈಯಗಲದ ಕಲ್ಲಿನ ಮೇಲೆ ನಾಲ್ಕು ಕಾಲುಗಳನ್ನೂ ಒಟ್ಟುಗೂಡಿಸಿ ಆಡು ನಿಲ್ಲುವುದನ್ನು ನೀವು ಕಂಡಿರಬಹುದು. ಅದು ಸರ್ಕಸ್ಸಿನ ವಿದ್ಯೆಯಲ್ಲ, ವಂಶದ ವಿದ್ಯೆ.

ಈ ವಿದ್ಯೆಯನ್ನು ಆಡಿನ ಬಂಧುಗಳು ಎಲ್ಲಿಯವರೆಗೆ ಮುಟ್ಟಿಸಿದ್ದಾರೆ ನೋಡಿ. ಇಟಲಿಯ ಆಲ್ಪ್ಸ್ ಪರ್ವತಗಳಲ್ಲಿ ಚಿಂಜಿನೋ ಎಂಬ ಅಣೆಕಟ್ಟೆಯೊಂದಿದೆ. ಹೆಚ್ಚುಕಡಿಮೆ ನೆಟ್ಟಗೆ ನಿಂತಿರುವ ಅದರ ಕಲ್ಲುಗೋಡೆಯ ಮೇಲೆ ಐಬೆಕ್ಸ್ ಎಂಬ ಕಾಡುಮೇಕೆಗಳು ಹಲ್ಲಿಗಳಂತೆ ಅಂಟಿಕೊಂಡು ನಡೆದಾಡುತ್ತವೆ. ಅಷ್ಟು ಸಾಹಸವೇಕೆ? ಕಲ್ಲಿನ ಮೇಲೆ ಒಸರಿದ ಲವಣವನ್ನು ನೆಕ್ಕುವುದಕ್ಕೆ. ಬೆಟ್ಟದ ಮೇವಿನಲ್ಲಿ ಉಪ್ಪಿನ ಅಂಶ ಕಡಮೆ. ದೇಹಕ್ಕೆ ಬೇಕಾದುದನ್ನು ಅವು ಹೀಗೆ ಸಂಪಾದಿಸಿಕೊಳ್ಳುತ್ತವೆ. ಆಫ್ರಿಕದ ಮೊರಾಕೊ ದೇಶದ ನೈಋತ್ಯ ಭಾಗದಲ್ಲಿಯಂತೂ ಊರ ಆಡುಗಳು ಹಣ್ಣಿನ ಆಸೆಗೆ ಆರ್ಗಾನ್ ಎಂಬ ಮುಳ್ಳುಮರದ ಕೊಂಬೆ ಕೊಂಬೆಗೂ ಏರಿ ನಿಲ್ಲುತ್ತವೆ. ನಮ್ಮ ದಕ್ಷಿಣದ ಬೆಟ್ಟಗಳಲ್ಲಿಯೂ ಆಡಿನ ದೂರದ ನೆಂಟನೊಬ್ಬನಿದ್ದಾನೆ. ತಮಿಳುನಾಡು, ಕೇರಳಗಳ ಎತ್ತರದ ಹುಲ್ಲುಗಾವಲಿನಲ್ಲಿ, ಬಂಡೆಯ ಕೊರಕಲಿನಲ್ಲಿ ಬಾಳುವ ಆ ಪ್ರಾಣಿಯನ್ನು ತಮಿಳರು ವರೆಯಾಡು ಎಂದು ಕರೆಯುತ್ತಾರೆ. ‘ವರೆ’ ಎಂದರೆ ಬೆಟ್ಟ, ಬಂಡೆ. ‘ಆಡು’ ನಮ್ಮದೇ ಮಾತು. ಆದ್ದರಿಂದ ನಿಮ್ಮ ಮನೆಯ ಮರಿಯು ಜಗಲಿಗೆ ನೆಗೆದು, ಅಲ್ಲಿಂದ ಒರಳುಕಲ್ಲಿಗೆ, ಒರಳುಕಲ್ಲಿನಿಂದ ಅಡ್ಡಗೋಡೆಗೆ ಹಾರಿದರೆ, ಅದು ನಿಮ್ಮನ್ನು ಅಣಕಿಸುತ್ತಿದೆ ಎಂದುಕೊಳ್ಳಬೇಡಿ. ಅದು ತನ್ನ ಬೆಟ್ಟವನ್ನು ಹುಡುಕುತ್ತಿದೆ.

ಇನ್ನು ಎರಡನೆಯ ಆಪಾದನೆ: ಆಡು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ ಎಂಬುದು. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ಇದಕ್ಕೆ ಸಾಕ್ಷಿಯಾಗಿ ತರುತ್ತಾರೆ. ಗಾದೆಯ ಮಾತನ್ನು ಸ್ವಲ್ಪ ನಿಧಾನವಾಗಿ ಓದಿ. ಆಡು ‘ತಿನ್ನದ’ ಸೊಪ್ಪಿಲ್ಲ ಎಂದು ನಮ್ಮ ಹಿರಿಯರು ಹೇಳಲಿಲ್ಲ. ‘ಮುಟ್ಟದ’ ಸೊಪ್ಪಿಲ್ಲ ಎಂದರು. ಮುಟ್ಟುವುದಕ್ಕೂ ತಿನ್ನುವುದಕ್ಕೂ ಇರುವ ಅಂತರದಲ್ಲಿಯೇ ಆಡಿನ ಸ್ವಭಾವವೆಲ್ಲ ಅಡಗಿದೆ.

ಕುರಿ ಮೇಯುವುದನ್ನೂ ಆಡು ಮೇಯುವುದನ್ನೂ ಒಟ್ಟಿಗೆ ನೋಡಿದರೆ ಇದು ತಿಳಿಯುತ್ತದೆ. ಕುರಿ ತಲೆ ತಗ್ಗಿಸಿ, ನೆಲಕ್ಕೆ ಬಾಯಿ ಹಚ್ಚಿ, ಹುಲ್ಲನ್ನು ಒಂದೇ ಸಮನೆ ಕತ್ತರಿಸುತ್ತ ಸಾಗುತ್ತದೆ. ಆಡು ತಲೆಯೆತ್ತಿ ಮೇಯುವ ಪ್ರಾಣಿ. ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳನ್ನು ಕೊಂಬೆಗೆ ಊರಿ, ಜಾಲಿಯ ಎರಡು ತಳಿರು, ಎಲಚಿಯ ನಾಲ್ಕು ಎಲೆ, ಒಂದು ಹೂ, ಒಂದು ಕಾಯಿ, ಒಂದು ಚೂರು ತೊಗಟೆ, ಹೀಗೆ ಆಯ್ದು ಆಯ್ದು ತಿನ್ನುತ್ತ ಮುಂದಕ್ಕೆ ಹೋಗುತ್ತದೆ. ಅದರ ಮೇಲ್ದುಟಿ ಬಹಳ ಚುರುಕು. ಬೆರಳಿನಂತೆ ಅತ್ತಿತ್ತ ಹೊರಳಿ, ಮುಳ್ಳುಗಳ ನಡುವಣ ಎಲೆಯನ್ನು ಮಾತ್ರ ಬಿಡಿಸಿಕೊಳ್ಳಬಲ್ಲದು. ಆಡಿಗೆ ಕೈಯಿಲ್ಲ. ಹೊಸ ವಸ್ತುವೊಂದು ಎದುರಾದಾಗ ನೀವು ಕೈಯಿಂದ ಹಿಡಿದು, ತಿರುಗಿಸಿ, ಒತ್ತಿ ನೋಡುತ್ತೀರಿ. ಆಡು ಆ ಕೆಲಸವನ್ನೆಲ್ಲ ತುಟಿಯಿಂದ ಮಾಡಬೇಕು. ಬಟ್ಟೆಯ ಚುಂಗು ಅದರ ಬಾಯಿಗೆ ಹೋಗುವುದು ಎಷ್ಟೋ ವೇಳೆ ಹಸಿವಿನಿಂದಲ್ಲ, ‘ಇದೇನು?’ ಎಂಬ ಕುತೂಹಲದಿಂದ.

ಹೀಗೆ ಹತ್ತು ಗಿಡದಿಂದ ಹತ್ತು ತುತ್ತು ತಿನ್ನುವುದರಲ್ಲಿ ಒಂದು ವಿವೇಕವಿದೆ. ಗಿಡಗಳು ತಮ್ಮ ರಕ್ಷಣೆಗಾಗಿ ಎಲೆಯಲ್ಲಿ ಒಗರನ್ನೋ ಕಹಿಯನ್ನೋ ವಿಷವನ್ನೋ ಇಟ್ಟುಕೊಂಡಿರುತ್ತವೆ. ದನ, ಕುರಿಗಳಿಗೆ ಒಗ್ಗದಷ್ಟು ಒಗರನ್ನೂ ಕಹಿಯನ್ನೂ ಆಡು ಅರಗಿಸಿಕೊಳ್ಳಬಲ್ಲದು, ನಿಜ. ಆದರೂ ಒಂದೇ ಗಿಡವನ್ನು ಹೊಟ್ಟೆ ತುಂಬ ತಿಂದರೆ ಅಪಾಯ ತಪ್ಪದು. ಬಗೆಬಗೆಯ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ತಿಂದಾಗ ಯಾವ ವಿಷವೂ ಮೈಗೆ ಹೆಚ್ಚಾಗಿ ಸೇರುವುದಿಲ್ಲ. ಆದ್ದರಿಂದ ಆಡನ್ನು ಹೊಟ್ಟೆಬಾಕ ಎನ್ನುವುದು ತಪ್ಪು. ಅದು ಆಯ್ದು ಉಣ್ಣುವ ಪ್ರಾಣಿ. ಆರಿಸಿಕೊಳ್ಳುವುದೇ ಅದರ ಬಾಳಿನ ಗುಟ್ಟು.

ಇಲ್ಲಿ ಒಂದು ಗಂಭೀರವಾದ ಮಾತಿದೆ. ಮೊಳದುದ್ದದ ಹಗ್ಗದಿಂದ ಆಡನ್ನು ಗೂಟಕ್ಕೆ ಬಿಗಿದಾಗ ನಾವು ಕಸಿದುಕೊಳ್ಳುವುದು ಅದರ ನಡಿಗೆಯನ್ನಷ್ಟೇ ಅಲ್ಲ, ಅದರ ಆಯ್ಕೆಯನ್ನು ಕೂಡ. ಸುತ್ತ ಬೇರೇನೂ ಇಲ್ಲದೆ ಕಣಗಿಲೆಯ ಗಿಡವೊಂದೇ ಎಟುಕುವಂತಿದ್ದರೆ, ಹಸಿದ ಆಡು ಅದಕ್ಕೂ ಬಾಯಿ ಹಾಕೀತು. ಕಣಗಿಲೆಯ ಎಲೆ ಕಡುವಿಷ. ಕೆಲವೇ ಎಲೆಗಳು ಅದರ ಪ್ರಾಣವನ್ನು ತೆಗೆಯಬಲ್ಲವು. ಮೇವು ಬೆಳೆಯದ ಬೀದಿಯಲ್ಲಿ ಬಿಟ್ಟ ಆಡಿಗೆ ಸಿಕ್ಕುವುದು ಊಟದ ವಾಸನೆ ಹತ್ತಿದ ಪ್ಲಾಸ್ಟಿಕ್ ಚೀಲ. ಅದು ಹೊಟ್ಟೆಯಲ್ಲಿ ಅರಗದು, ಹೊರಕ್ಕೂ ಹೋಗದು. ಗಂಟುಗಟ್ಟಿ ಕುಳಿತು, ಆಡನ್ನು ದಿನದಿನಕ್ಕೆ ಸೊರಗಿಸಿ ಕೊಲ್ಲುತ್ತದೆ. ಇನ್ನೊಂದು ಕೇಡು ಪ್ರೀತಿಯಿಂದಲೇ ಆಗುವಂಥದು. ಮದುವೆ ಮನೆಯಲ್ಲಿ ಉಳಿದ ಅನ್ನವನ್ನೋ, ಮೂಟೆಯಿಂದ ಚೆಲ್ಲಿದ ಧಾನ್ಯವನ್ನೋ ‘ಪಾಪ, ತಿನ್ನಲಿ’ ಎಂದು ರಾಶಿ ಸುರಿಯುವವರುಂಟು. ಸೊಪ್ಪಿಗೆ ಹೊಂದಿಕೊಂಡ ಹೊಟ್ಟೆಯಲ್ಲಿ ಅಷ್ಟು ಅನ್ನ ಒಮ್ಮೆಗೇ ಬಿದ್ದರೆ ಹುಳಿಯೇರಿ, ಹೊಟ್ಟೆ ಕೆಟ್ಟು, ಆಡು ಸತ್ತೇಹೋಗಬಹುದು.

ಹಾಗಾದರೆ ಆ ಹೊಟ್ಟೆಯಾದರೂ ಎಂಥದು? ಹಸು, ಎಮ್ಮೆ, ಕುರಿಗಳಂತೆ ಆಡಿನ ಹೊಟ್ಟೆಯಲ್ಲಿಯೂ ನಾಲ್ಕು ಕೋಣೆಗಳು. ಮೊದಲನೆಯ ಕೋಣೆ ದೊಡ್ಡ ಕಣಜ. ಆಡು ಆತುರಾತುರವಾಗಿ ಕಿತ್ತು ನುಂಗಿದ ಸೊಪ್ಪೆಲ್ಲ ಅಲ್ಲಿ ಹೋಗಿ ಸೇರುತ್ತದೆ. ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ಅಲ್ಲಿ ಕುಳಿತು ಸೊಪ್ಪಿನ ನಾರನ್ನು ಕರಗಿಸುತ್ತವೆ. ಬಳಿಕ ಆಡು ನೆರಳಿನಲ್ಲಿ ಮಲಗಿ, ನುಂಗಿದ್ದನ್ನು ಉಂಡೆ ಉಂಡೆಯಾಗಿ ಬಾಯಿಗೆ ತಂದುಕೊಂಡು, ಮೆಲುಕು ಹಾಕಿ ನುಣ್ಣಗೆ ಮಾಡಿ ಮತ್ತೆ ಒಳಕ್ಕೆ ಕಳುಹಿಸುತ್ತದೆ. ವೈರಿಯ ಭಯವಿದ್ದ ಬೆಟ್ಟದಲ್ಲಿ ಇದು ಎಷ್ಟು ಅನುಕೂಲದ ಏರ್ಪಾಡು! ಬಯಲಿನಲ್ಲಿ ಬೇಗ ತುಂಬಿಕೊಳ್ಳುವುದು, ಮರೆಯಲ್ಲಿ ನಿಧಾನವಾಗಿ ಅಗಿಯುವುದು. ಮೆಲುಕು ಹಾಕುತ್ತಿರುವ ಆಡು ನೆಮ್ಮದಿಯಾಗಿದೆ ಎಂದು ತಿಳಿಯಿರಿ. ದಿನವೆಲ್ಲ ಮೆಲುಕನ್ನೇ ಹಾಕದಿದ್ದರೆ ಮೈಯಲ್ಲಿ ಏನೋ ಸರಿಯಿಲ್ಲವೆಂದು ಹಿರಿಯರಿಗೆ ಹೇಳಿರಿ.

ಆಡಿನ ಬಾಯಲ್ಲಿ ಮೇಲಿನ ಮುಂಭಾಗಕ್ಕೆ ಹಲ್ಲೇ ಇಲ್ಲ. ಅಲ್ಲಿರುವುದು ಗಟ್ಟಿಯಾದ ವಸಡು. ಕೆಳಗಿನ ಎಂಟು ಬಾಚಿಹಲ್ಲುಗಳು ಆ ವಸಡಿಗೆ ಒತ್ತಿ ಎಲೆಯನ್ನು ಹರಿಯುತ್ತವೆ. ಮರಿಯ ಹಾಲುಹಲ್ಲುಗಳು ಬಿದ್ದು, ಜೊತೆ ಜೊತೆಯಾಗಿ ದೊಡ್ಡ ಹಲ್ಲುಗಳು ಮೂಡುತ್ತ, ಹೆಚ್ಚುಕಡಿಮೆ ನಾಲ್ಕು ವರ್ಷಕ್ಕೆ ಎಂಟೂ ತುಂಬುತ್ತವೆ. ಸಂತೆಯಲ್ಲಿ ಆಡನ್ನು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ನೋಡುವುದು ಇದಕ್ಕಾಗಿಯೇ. ಅದರ ಜಾತಕವೆಲ್ಲ ಅಲ್ಲಿ ಬರೆದಿದೆ.

ಇನ್ನು ಕಣ್ಣನ್ನು ನೋಡಿ. ನಮ್ಮ ಕಣ್ಣಿನ ಪಾಪೆ ದುಂಡಗೆ. ಬೆಳಕಿನಲ್ಲಿ ಬೆಕ್ಕಿನ ಪಾಪೆ ನೆಟ್ಟಗೆ ನಿಂತ ಗೆರೆ. ಆಡಿನದು ಅಡ್ಡ ಮಲಗಿದ ಪಟ್ಟಿ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದಲೂ, ಪಾಪೆ ಹೀಗೆ ಅಡ್ಡಲಾಗಿರುವುದರಿಂದಲೂ ಆಡು ತಲೆ ತಿರುಗಿಸದೆಯೇ ತನ್ನ ಸುತ್ತಣ ಬಯಲನ್ನು ಬಹುಪಾಲು ಕಾಣುತ್ತದೆ. ಬೆನ್ನ ಹಿಂದಿನ ಕಿರಿದಾದ ಭಾಗವಷ್ಟೇ ಅದಕ್ಕೆ ಮರೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆಡು ತಲೆ ಬಗ್ಗಿಸಿದಾಗ ಅಡ್ಡಲಾಗಿದ್ದ ಪಾಪೆ ನೆಟ್ಟಗಾಗಿ ಬಿಡಬೇಕಲ್ಲವೇ? ಅಮೆರಿಕದ ಬರ್ಕ್ಲಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು 2015ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ತಲೆ ಬಗ್ಗಿದಂತೆಲ್ಲ ಕಣ್ಣುಗುಡ್ಡೆಯೇ ಗೂಡಿನೊಳಗೆ ತಿರುಗಿ, ಪಾಪೆಯನ್ನು ನೆಲಕ್ಕೆ ಸಮನಾಗಿಯೇ ಉಳಿಸಿಕೊಳ್ಳುತ್ತದೆ! ಮೇಯುತ್ತಿರುವಾಗಲೂ ಕಾವಲು ತಪ್ಪಬಾರದು ಎಂಬ ಪ್ರಕೃತಿಯ ಎಚ್ಚರಿಕೆ ಇದು.

ಮೂರನೆಯ ಗುಣ ಜೊತೆ. ಆಡು ಮಂದೆಯ ಪ್ರಾಣಿ. ಮಂದೆಯೊಳಗೆ ಯಾರು ಮುಂದು, ಯಾರು ಹಿಂದು ಎಂಬ ಕಟ್ಟುಪಾಡು ಉಂಟು. ನೀರಿನ ತೊಟ್ಟಿಗೆ ಮೊದಲು ಯಾರು, ಎತ್ತರದ ಕಲ್ಲಿನ ಮೇಲೆ ಕೂರುವವರು ಯಾರು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಕೊಂಬಿನ ಕಾದಾಟ ಬಹುಮಟ್ಟಿಗೆ ಈ ಲೆಕ್ಕಾಚಾರಕ್ಕಾಗಿ. ಟಗರು ಹಿಂದಕ್ಕೆ ಸರಿದು ಓಡಿಬಂದು ಗುದ್ದುತ್ತದೆ. ಆಡು ಹಿಂಗಾಲುಗಳ ಮೇಲೆ ಎದ್ದುನಿಂತು, ಮೇಲಿಂದ ಕೆಳಕ್ಕೆ ತಲೆಯಿಕ್ಕುತ್ತದೆ. ಇಕ್ಕಟ್ಟಾದ ಬಂಡೆಯ ಮೇಲೆ ಓಡಿಬರಲು ಜಾಗವೆಲ್ಲಿ? ಮರಿಗಳು ಇದನ್ನೇ ಆಟವಾಗಿ ಕಲಿಯುತ್ತವೆ. ಮುದ್ದಿಗೆಂದು ಮರಿಯ ಹಣೆಯನ್ನು ಅಂಗೈಯಿಂದ ಒತ್ತಿ ಆಡಿಸುವ ಮಕ್ಕಳು ಅದಕ್ಕೆ ಕಾದಾಟದ ಪಾಠವನ್ನೇ ಹೇಳಿಕೊಟ್ಟಂತಾಗುತ್ತದೆ. ಮರಿ ಹೋತವಾಗಿ ಬೆಳೆದು, ಅದೇ ಆಟವನ್ನು ಅಜ್ಜಿಯ ಮೇಲೆ ಆಡಿದಾಗ ತಪ್ಪು ಯಾರದು? ಅದರ ಹಣೆಯನ್ನು ಬಿಟ್ಟು ಕುತ್ತಿಗೆಯನ್ನು ತುರಿಸಿರಿ. ಅದಕ್ಕೂ ಸಂತೋಷ, ಮನೆಯವರಿಗೂ ಕ್ಷೇಮ.

ಜೊತೆಯಿಲ್ಲದ ಆಡು ಅರಚುವುದೂ ಹಟದಿಂದಲ್ಲ. ಬೆಟ್ಟದಲ್ಲಿ ಒಂಟಿಯಾದ ಮೇಕೆಗೆ ಸಾವು ಹತ್ತಿರ. ಆ ಭಯ ಇಂದಿಗೂ ಅದರ ರಕ್ತದಲ್ಲಿದೆ. ‘ಎಲ್ಲಿದ್ದೀರಿ? ನಾನಿಲ್ಲಿದ್ದೇನೆ’ ಎಂದು ಅದು ಮಂದೆಯನ್ನು ಕೂಗಿ ಕರೆಯುತ್ತಿದೆ. ಮತ್ತೊಂದು ಆಡನ್ನು ಅದರ ಬಳಿಗೆ ತಂದು ಕಟ್ಟಿದರೆ ಕೂಗು ತಾನಾಗಿ ತಗ್ಗುತ್ತದೆ.

ತಾಯಿ ಮರಿಗಳ ನಂಟಿನಲ್ಲಿ ಈ ಗುಣ ಅತ್ಯಂತ ಸುಂದರವಾಗಿ ಕಾಣುತ್ತದೆ. ಆಡು ಸುಮಾರು 150 ದಿನ ಗರ್ಭ ಹೊತ್ತು ಈಯುತ್ತದೆ. ಅವಳಿ ಮರಿಗಳು ಅಪರೂಪವಲ್ಲ. ಈದ ತಾಯಿ ಮರಿಯನ್ನು ನೆಕ್ಕುತ್ತ ನೆಕ್ಕುತ್ತ ಅದರ ವಾಸನೆಯನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. 1960ರ ದಶಕದಲ್ಲಿ ಅಮೆರಿಕದ ಪೀಟರ್ ಕ್ಲಾಪ್‌ಫರ್ ಎಂಬ ವಿಜ್ಞಾನಿ ನಡೆಸಿದ ಪರೀಕ್ಷೆಗಳಲ್ಲಿ, ಹುಟ್ಟಿದ ಕೂಡಲೆ ಐದೇ ನಿಮಿಷ ತಾಯಿಯ ಬಳಿ ಇದ್ದ ಮರಿಯನ್ನು ಕೆಲವು ಗಂಟೆ ದೂರವಿಟ್ಟು ತಂದರೂ ತಾಯಿ ಸೇರಿಸಿಕೊಂಡಿತು. ಆ ಐದು ನಿಮಿಷವೂ ದೊರೆಯದ ಮರಿಗಳನ್ನು ತಾಯಂದಿರು ಸಾಮಾನ್ಯವಾಗಿ ಒಲ್ಲೆ ಎಂದು ದೂಡಿದವು. ಮೊದಲ ಕೆಲವು ದಿನ ಮರಿಯು ಮರೆಯಲ್ಲಿ ಸದ್ದಿಲ್ಲದೆ ಮುದುರಿ ಮಲಗುವುದು ಕಾಡುಮೇಕೆಯ ಕಾಲದ ರೂಢಿ. ತಾಯಿ ಮೇದು ಬಂದು ಕರೆದಾಗಲೇ ಅದು ಏಳುವುದು. ಹಳ್ಳಿಯಲ್ಲಿ ಆಡು ಮೇಯಲು ಹೋದಾಗ ಎಳೆಮರಿಯನ್ನು ಬುಟ್ಟಿಯಡಿ ಮುಚ್ಚಿಡುವವರು ತಿಳಿದೋ ತಿಳಿಯದೆಯೋ ಆ ರೂಢಿಯನ್ನೇ ಅನುಸರಿಸುತ್ತಾರೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದಂತೆ, ಮರಿಯು ಅಗಲಿ ಹಲವು ತಿಂಗಳು ಕಳೆದರೂ ತಾಯಿಯು ಅದರ ಎಳೆಯ ದನಿಯನ್ನು ಗುರುತಿಸುತ್ತದೆ.

ಇಂಥ ಪ್ರಾಣಿಯನ್ನು ದಡ್ಡ ಎನ್ನಬಹುದೇ? ಅದೇ ವಿಶ್ವವಿದ್ಯಾನಿಲಯದವರು ಆಡುಗಳ ಮುಂದೆ ಒಂದು ಪೆಟ್ಟಿಗೆಯನ್ನಿಟ್ಟರು. ಮೊದಲು ಹಗ್ಗವನ್ನು ಎಳೆದು, ಅನಂತರ ಸನ್ನೆಯನ್ನು ಎತ್ತಿದರೆ ಒಳಗಿನ ತಿಂಡಿ ಹೊರಕ್ಕೆ ಬರುವಂತೆ ಅದನ್ನು ಅಣಿಮಾಡಿದ್ದರು. 12 ಆಡುಗಳಲ್ಲಿ 9 ಈ ವಿದ್ಯೆಯನ್ನು ಕಲಿತವು. ಹತ್ತು ತಿಂಗಳ ಬಳಿಕ ಪೆಟ್ಟಿಗೆಯನ್ನು ಮತ್ತೆ ಮುಂದಿಟ್ಟಾಗಲೂ ಮರೆತಿರಲಿಲ್ಲ. ಇದು ಪ್ರಕಟವಾದದ್ದು 2014ರಲ್ಲಿ. 2016ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ತೆರೆಯಲು ಬಾರದಂತೆ ಮುಚ್ಚಿದ ಡಬ್ಬಿಯನ್ನು ಕಂಡು ಸೋತ ಆಡುಗಳು ಬಳಿಯಲ್ಲಿದ್ದ ಮನುಷ್ಯನ ಮುಖವನ್ನು ನೋಡಿದವು. ‘ನೀನಾದರೂ ತೆಗೆದುಕೊಡಬಾರದೇ?’ ಎಂಬಂತಿತ್ತು ಆ ನೋಟ. ರೊಪ್ಪದ ಬಾಗಿಲಿನ ಅಗಳಿಯನ್ನು ಆಡು ತುಟಿಯಿಂದಲೇ ಸರಿಸಿತೆಂದು ಯಾರಾದರೂ ಹೇಳಿದರೆ, ಅದು ಕಟ್ಟುಕಥೆಯೆಂದು ನಗಬೇಡಿರಿ.

ಆಡು ಹಸಿರಿನ ಶತ್ರು ಎಂಬ ಕೊನೆಯ ಆಪಾದನೆ ಉಳಿಯಿತು. ಇದರಲ್ಲಿ ಹುರುಳಿಲ್ಲದೆ ಇಲ್ಲ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ಪಿಂಟಾ ಎಂಬುದೊಂದು. 1959ರಲ್ಲಿ ಮೀನುಗಾರರು ಅಲ್ಲಿ ಮೂರು ಆಡುಗಳನ್ನು ಬಿಟ್ಟುಹೋದರು. ಕೆಲವೇ ವರ್ಷಗಳಲ್ಲಿ ಅವು ಸಾವಿರಾರಾಗಿ, ದ್ವೀಪದ ಗಿಡಮರಗಳನ್ನು ಬೋಳಿಸಿಬಿಟ್ಟವು. ಕೊನೆಗೆ ಅವನ್ನೆಲ್ಲ ಇಲ್ಲದಂತೆ ಮಾಡಬೇಕಾಯಿತು. ಆದರೆ ಯೋಚಿಸಿ ನೋಡಿ. ಆ ದ್ವೀಪಕ್ಕೆ ಅವು ಈಜಿ ಹೋಗಲಿಲ್ಲ. ಅಲ್ಲಿ ಚಿರತೆ ಇಲ್ಲ, ತೋಳ ಇಲ್ಲ, ಹಿಂಡನ್ನು ಮುಂದಕ್ಕೆ ಹೊಡೆಯುವ ಕುರುಬನಿಲ್ಲ, ಹೊರಕ್ಕೆ ದಾರಿಯೂ ಇಲ್ಲ. ಇದ್ದ ಎಲೆಯನ್ನೇ ಅವು ತಿಂದವು. ಅದೇ ಆಡು ಮೊರಾಕೊದಲ್ಲಿ ಆರ್ಗಾನ್ ಹಣ್ಣನ್ನು ತಿಂದು, ಮೆಲುಕು ಹಾಕುವಾಗ ಬೀಜವನ್ನು ಉಗುಳುತ್ತದೆ. ಹೀಗೆ ಮರದ ಬೀಜ ದೂರದೂರಕ್ಕೆ ಹರಡಲು ಅದು ನೆರವಾಗಬಲ್ಲದೆಂದು ಸ್ಪೇನ್ ದೇಶದ ವಿಜ್ಞಾನಿಗಳು 2017ರಲ್ಲಿ ತೋರಿಸಿಕೊಟ್ಟರು. ನಡೆಯಲು ದಾರಿಯೂ ಆರಿಸಲು ಗಿಡಗಳೂ ಇರುವಲ್ಲಿ ಆಡು ಒಂದೊಂದು ಗಿಡಕ್ಕೂ ಒಂದೊಂದೇ ತುತ್ತಿನ ಅತಿಥಿ. ಅವೆರಡನ್ನೂ ಕಸಿದುಕೊಂಡಲ್ಲಿ ಅದೇ ಅತಿಥಿ ದರೋಡೆಗಾರನಾಗುತ್ತದೆ. ಎಷ್ಟು ಆಡು, ಎಷ್ಟು ನೆಲ, ಎಷ್ಟು ದಿನ ಎಂಬ ಲೆಕ್ಕ ಆಡಿನದಲ್ಲ, ಸಾಕುವವರದು.

ಆಡನ್ನು ಸಾಕುವ ಮನೆಯ ಮಕ್ಕಳು ಮಾಡಬಹುದಾದ ಕೆಲಸಗಳು ಕೆಲವಿವೆ, ಯಾವುದಕ್ಕೂ ಹಣ ಬೇಕಾಗಿಲ್ಲ. ಅಂಗಳದಲ್ಲಿ ನಾಲ್ಕು ದೊಡ್ಡ ಕಲ್ಲುಗಳನ್ನು ಒಂದರ ಪಕ್ಕಕ್ಕೊಂದು ಏರುಪೇರಾಗಿ ಇಡಿರಿ. ಅದೇ ಮರಿಗಳ ಬೆಟ್ಟ. ಸೊಪ್ಪನ್ನು ನೆಲಕ್ಕೆ ಚೆಲ್ಲದೆ, ಕಟ್ಟುಕಟ್ಟಿ ಎತ್ತರಕ್ಕೆ ತೂಗುಹಾಕಿರಿ. ತುಳಿದು ಕೊಳೆಯಾದ ಮೇವನ್ನು ಆಡು ಮೂಸಿ ಬಿಡುತ್ತದೆ. ಹಲಸು, ಅತ್ತಿ, ಅಗಸೆ, ಯಾವುದು ದೊರೆತರೂ ಎರಡು ಮೂರು ಬಗೆ ಇರಲಿ. ಮಳೆಯ ಹನಿ ಬಿದ್ದೊಡನೆ ಅದು ಸೂರಿನತ್ತ ಓಡಿದರೆ ಹೇಡಿಯೆನ್ನಬೇಡಿರಿ. ಕೆಸರಿನಲ್ಲಿ ನೆನೆದು ನಿಂತರೆ ಅದರ ಗೊರಸು ಕೊಳೆಯುತ್ತದೆ, ಕಾಲಡಿ ಒಣಗಿರಲಿ. ಪ್ಲಾಸ್ಟಿಕ್ ಚೀಲವೊಂದು ಬೀದಿಯಲ್ಲಿ ಬಿದ್ದಿದ್ದರೆ, ಅದು ಆಡಿನ ಹೊಟ್ಟೆ ಸೇರುವ ಮೊದಲೇ ಎತ್ತಿ ಕಸದ ತೊಟ್ಟಿಗೆ ಹಾಕಿರಿ. ಕಟ್ಟಲೇಬೇಕಾದರೆ ಹಗ್ಗವನ್ನು ಒಂದಿಷ್ಟು ಉದ್ದ ಬಿಡಿರಿ, ಬಳಿಯಲ್ಲಿ ಒಂದು ಜೊತೆಯಿರಲಿ.

ಹಗ್ಗದ ಉದ್ದವನ್ನು ಗೊತ್ತುಮಾಡುವವರು ನಾವು. ಅದರ ಅಳತೆಯಲ್ಲಿಯೇ ಆಡಿನ ಲೋಕ. ಆ ಲೋಕದಲ್ಲಿ ಮುಟ್ಟಿ ನೋಡಲು ಹತ್ತು ಬಗೆಯ ಸೊಪ್ಪಿದ್ದರೆ, ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಡು ತಾನೇ ಬಲ್ಲದು.